ಹಲಗೆಯ ಮೇಲೆ ಎರಡು ಊರು

ಮೊದಲ ದಿನ ತರಗತಿಗೆ ಕಾಲಿಟ್ಟು "ಸುಮ್ಮನೆ ಕೂಡ್ರಿ" ಎಂದೆ. ಮಕ್ಕಳೆಲ್ಲ ಒಂದೇ ದನಿಯಲ್ಲಿ "ಸುಮ್ಮನೆ ಕೂಡ್ರಿ" ಎಂದು ಕೂಗಿದರು! ಗುರುಗಳು ಅಂದದ್ದನ್ನು ಕೂಗಿ ಒಪ್ಪಿಸುವುದೇ ಇಲ್ಲಿ ಸಬಕು, ಅಂದರೆ ಪಾಠ. ಇಷ್ಟು ದಿನ ಉರ್ದು ನಡೆದ ಶಾಲೆಯಲ್ಲಿ ಕನ್ನಡ ಕಲಿಸಲೆಂದು ಧಾರವಾಡದಿಂದ ಕಲ್ಯಾಣಕ್ಕೆ ಬಂದ ನಾನು ಅಂದೇ ಅರ್ಧ ದಣಿದೆ.

ಧಾರವಾಡದ ನನ್ನ ಊರಿನವರೇ, ನಿಮ್ಮಲ್ಲಿ ಮಳೆ ಹಿಡಿದರೆ ಬಿಡದು. ಇಲ್ಲಿ ಬಿಸಿಲು ಹಾಗೆ. ಹುಮನಾಬಾದಿನಿಂದ ಮೋಟಾರಿನಲ್ಲಿ ಬಂದಿಳಿದರೆ ಮೂಗಿನೊಳಗೂ ಧೂಳು. ರಜಾಕಾರರ ಹಾವಳಿಯನ್ನೂ ಆಮೇಲೆ ಮುಸಲ್ಮಾನರ ಮನೆಗಳ ಮೇಲೆ ನಡೆದ ಲೂಟಿಯನ್ನೂ ಕಂಡ ಸೀಮೆ, ಹೊಸಬನಿಗೆ ಮನೆ ಕೊಡಲು ಅಳುಕುತ್ತದೆ. ಕಡೆಗೆ ಕೋಟೆಯ ಹತ್ತಿರ ಒಂದು ಕೋಣೆ ಸಿಕ್ಕಿತು. ರೊಟ್ಟಿ ಅದೇ ಜೋಳದ್ದು, ಪುಂಡಿಪಲ್ಯವೂ ಅದೇ. ಆದರೂ ಒಬ್ಬನೇ ಕೂತು ಉಣ್ಣಬೇಕು.

ಒಂದು ದಿನ, ಹೊಳೆದಂಡೆಯ ಊರು ಬಿಟ್ಟು ಗುಡ್ಡದೂರಿಗೆ ಹೋದ ಕುಂಬಾರನ ಕಥೆ ಹೇಳಿ, ಎರಡೂ ಊರುಗಳನ್ನು ಹೋಲಿಸಿರೆಂದೆ.

"ಯಾವ ಊರ ಚಲೋ ಅಂತ ನೀವೇ ಹೇಳ್ರಿ, ಬಾಯಿಪಾಠ ಮಾಡ್ತೀವಿ" ಎಂದರು.

ಇವರಿಗೆ ಹೋಲಿಸುವುದೆಂದರೆ ಮಂಠಾಳದ ಸಂತೆಯಲ್ಲಿ ಎತ್ತು ಆರಿಸಿದ ಹಾಗೆ. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಲೇಬೇಕು. ಅಲ್ಲೇನಿದೆ, ಇಲ್ಲೇನಿದೆ ನೋಡಿರೆಂದು ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಬೇಸತ್ತು ಹಲಗೆಯ ನಡುವೆ ಗೆರೆ ಎಳೆದು, ಒಂದು ಕಡೆ ಧಾರವಾಡ, ಇನ್ನೊಂದು ಕಡೆ ಕಲ್ಯಾಣ ಎಂದು ಬರೆದೆ. ಧಾರವಾಡದ ಕಡೆ ಕೆರೆ, ಕಾಲೇಜು, ಪೇಢೆ ಎಂದು ತುಂಬಿಸುತ್ತಲೇ ಹೋದೆ. ದೂರದ ಬೆಟ್ಟ ನುಣ್ಣಗೆ ತಾನೆ! ಕಲ್ಯಾಣದ ಕಡೆ ಏನು ಬರೆಯುವುದೋ ನನಗೇ ತೋಚಲಿಲ್ಲ.

ಅಷ್ಟರಲ್ಲಿ ನೇಕಾರ ಹುಸೇನಸಾಬರು ಬಾಗಿಲಿಗೆ ಬಂದು ನಿಂತರು. ಅವರ ನೆಂಟರೆಲ್ಲ ಹೆದರಿ ಹೈದರಾಬಾದು ಸೇರಿದ್ದರು. ಇವರೂ ಹೊರಟವರು, ಮಗಳು ಜೈನಾಬಿಯನ್ನು ಶಾಲೆ ಬಿಡಿಸಲು ಬಂದಿದ್ದರು. ಇಡೀ ತರಗತಿಯಲ್ಲಿ ಬಾಯಿಬಿಟ್ಟು ಪ್ರಶ್ನೆ ಕೇಳುವವಳು ಅವಳೊಬ್ಬಳೇ. ಅವಳೂ ಹೋದರೆ ನಾನು ಯಾರಿಗೆ ಕಲಿಸಲಿ ಎಂದು ಸಂಕಟವಾಯಿತು.

ತಂದೆಯನ್ನು ಗಮನಿಸದೆ ಜೈನಾಬಿ ಎದ್ದಳು. "ಸರ್ರಿ, ನಮ್ಮ ಕಡಿ ಯಾಕ ಖಾಲಿ ಬಿಟ್ರಿ? ನಮ್ಮ ದಾದಿ, ಅಪ್ಪನ ಅವ್ವನ ಗೋರಿ ಇಲ್ಲೈತ್ರಿ. ಧಾರವಾಡದಾಗ ಐತೇನ್ರಿ?"

"ಇಲ್ಲವ್ವಾ" ಎಂದೆ.

ಹುಸೇನಸಾಬರು ತಲೆ ತಗ್ಗಿಸಿದರು. "ಹೈದರಾಬಾದದಾಗೂ ಇಲ್ಲ, ಬೇಟಿ." ಆಮೇಲೆ ನನ್ನತ್ತ ತಿರುಗಿ, "ಇವತ್ತ ಕರಕೊಂಡ ಹೋಗಂಗಿಲ್ರಿ ಮಾಸ್ತರ. ಪಾಠ ಮಾಡ್ರಿ" ಎಂದು ನಡೆದುಬಿಟ್ಟರು.

ಜೈನಾಬಿ ಈಗಲೂ ಬರುತ್ತಾಳೆ. ಹಾಜರಿ ಕೂಗುವಾಗ ಅವಳ ಹೆಸರು ಬಂತೆಂದರೆ, ಇವತ್ತು ಬಂದಿದ್ದಾಳೋ ಇಲ್ಲವೋ ಎಂದು ತಲೆ ಎತ್ತಿ ನೋಡುತ್ತೇನೆ. ಈ ನಡುವೆ ನನಗೆ ಧಾರವಾಡಕ್ಕೆ ಮರಳಲು ಅಪ್ಪಣೆ ಬಂದಿದೆ. ಅವ್ವ ದಾರಿ ಕಾಯುತ್ತಿದ್ದಾಳೆ, ನೆನೆದರೆ ಈಗಲೇ ಹೊರಡಬೇಕೆನಿಸುತ್ತದೆ. ನಿನ್ನೆ ಪೇಟೆಯಲ್ಲಿ ಸಿಕ್ಕ ಹುಸೇನಸಾಬರಿಗೆ ಸಂತೋಷದಿಂದಲೇ ಸುದ್ದಿ ಹೇಳಿದೆ. ಅವರು ಕೇಳಿದರು:

"ನಾವು ಉಳದ್ವಿ. ನೀವು ಹೊಂಟ್ರೇನ್ರಿ?"