ಹರಿಪುರದ ತೊಟ್ಟಿಲಿಗೆ ನಾವು ಹೋಗಿದ್ದೆವು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ, ಏನಾದರೊಂದು ನೆಪ ಮಾಡಿಕೊಂಡು ಎದ್ದಿದ್ದೇನೆ. ಹೆಂಡತಿ ಇರುವ ತನಕ ಅವಳ ಮನಸ್ಸು ನೋಯುತ್ತದೆ ಎಂದುಕೊಂಡೆ. ಅವಳು ಹೋದಳು. ಈಗ ಆ ನೆಪವೂ ಇಲ್ಲ.

ನನ್ನ ಮಗ ಮಿರಜದಲ್ಲಿ ಆಸ್ಪತ್ರೆಯೊಂದರ ಔಷಧಿ ಅಂಗಡಿಯಲ್ಲಿದ್ದ. ಅಲ್ಲೇ ಆಯಾ ಕೆಲಸ ಮಾಡುತ್ತಿದ್ದ ಸಾಂಗಲಿ ಪಕ್ಕದ ಹರಿಪುರದ ಹುಡುಗಿಗೆ ಮದುವೆಯ ಮಾತು ಕೊಟ್ಟಿದ್ದ. ಮದುವೆಗೆ ಮೊದಲೇ ಕೂಸು ಬಂತು, ಹೆಣ್ಣು. ಅವಳ ಮನೆಯವರು ವಿಜಾಪುರದ ಕಡೆಯಿಂದ ಕೂಲಿಗೆ ಬಂದವರು, ನಮ್ಮ ಜಾತಿಯವರಲ್ಲ. ನಾನು ಮುಖ ಗಂಟಿಕ್ಕಿಕೊಂಡು ತಿರುಗಿದೆ. ನನ್ನ ಹೆಂಡತಿ ಮಾತ್ರ, "ಕೂಸು ಏನ ಮಾಡೈತ್ರಿ?" ಎಂದು ತೊಟ್ಟಿಲಿಗೆ ಹಾಕುವ ದಿನ ನಮ್ಮೆಲ್ಲರನ್ನೂ ಹೊರಡಿಸಿದಳು.

ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ತಂದೆಯ ಅಕ್ಕ ಅಥವಾ ತಂಗಿ. ನನ್ನ ಮಗಳು ತೊಟ್ಟಿಲಿಗೆ ಬಗ್ಗಿ "ಕುರ್ರ್" ಎಂದು ಹೆಸರು ಉಸುರಿದಳು. ಸುತ್ತಲಿನ ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು.

"ಮೆಲ್ಲಕ ಗುದ್ದ್ರೆವಾ, ನಾಳಿ ರೊಟ್ಟಿ ಬಡೀಬೇಕು ನಾ!"

"ಅತ್ತಿ ಆಗೂದಂದ್ರ ಪುಗಸಟ್ಟೆ ಅಕ್ಕೈತೇನ? ತಗೋ ಇನ್ನೊಂದು!"

ಯಾರೋ ಮೊಬೈಲ್ ತೆಗೆದಾಗ, "ಮದುವಿ ಆಗೂತನಕ ಫೋಟೋ ಬ್ಯಾಡ" ಎಂದವನು ನಾನೇ.

ಮದುವೆ ಆಗಲಿಲ್ಲ. ಕಸಬೆ ಡಿಗ್ರಜ ಎಂಬ ಊರಿನಿಂದ ನಮ್ಮವರದೇ ಒಂದು ಸಂಬಂಧ ಬಂತು. ಮಗ ಅತ್ತ ವಾಲಿದ, ನಾನು ತಡೆಯಲಿಲ್ಲ. ಆಗ ಹುಡುಗಿ ಕೂಸಿನ ಖರ್ಚು ಕೊಡಿಸಿರೆಂದು ಸಾಂಗಲಿಯ ಕೋರ್ಟಿಗೆ ಹೋದಳು. ತನಗೆಂದು ಏನೂ ಕೇಳಿರಲಿಲ್ಲ. ಕೂಸಿನ ಹಾಲು, ಔಷಧ, ಮುಂದೆ ಶಾಲೆ, ಅಷ್ಟೇ. ಮಗ ಕೂಸು ತನ್ನದಲ್ಲ ಎಂದ. ನಾನು ಅವನ ಪರ ಸಾಕ್ಷಿ ಹೇಳಲು ನಿಂತೆ.

ಅವಳ ವಕೀಲ ಮರಾಠಿಯಲ್ಲಿ ಕೇಳಿದ: ಆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ್ದು ನಿಮ್ಮ ಮಗಳಲ್ಲವೇ? ಬರೆದುಕೊಳ್ಳುತ್ತಿದ್ದ ನ್ಯಾಯಾಧೀಶರು ತಲೆ ಎತ್ತಿದರು. ಹೌದೆಂದರೆ ಏನರ್ಥವೆಂದು ಈ ಭಾಗದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ನಾವು ಆ ಮನೆಯ ಹೊಸ್ತಿಲನ್ನೇ ತುಳಿದಿಲ್ಲ ಎಂದೆ.

ಹೊರಗೆ ಮೆಟ್ಟಿಲ ಮೇಲೆ ಅವಳು ನನ್ನನ್ನು ನಿಲ್ಲಿಸಿದಳು. ಕೂಸು ಸೊಂಟದ ಮೇಲಿತ್ತು.

"ಕಾಕಾ, ನಿಮ್ಮ ಮಗಾ ಅಂಜಿ ಓಡಿ ಹೋಗ್ಯಾನ, ಅದು ನನಗ ತಿಳೀತೈತಿ. ನೀವು ನಮ್ಮನ್ಯಾಗ ಕುಂತು ತೊಟ್ಟಿಲದ ಗುಗ್ಗರಿ ತಿಂದೀರಿ."

ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಂಡೆ.

ರಕ್ತ ಪರೀಕ್ಷೆ ಮಾಡಿಸಿದರೆ ಗೆಲ್ಲುತ್ತೇವೆಂದು ವಕೀಲ ಅವಳಿಗೆ ಹೇಳಿದ್ದನಂತೆ. ತೊಟ್ಟಿಲು ತೂಗಿದವರೇ ಇಲ್ಲವೆಂದ ಮೇಲೆ ರಕ್ತ ಹೌದೆಂದರೆ ಏನು ಬಂತು ಎಂದು, ಅವಳು ಮುಂದಿನ ತಾರೀಖಿಗೆ ಬರಲೇ ಇಲ್ಲ. ಅರ್ಜಿ ವಜಾ ಆಯಿತು. ಅಂದಿನಿಂದ ನನ್ನ ಮಗಳು ಹಬ್ಬಕ್ಕೆ ಬಂದರೂ ನನ್ನ ಎದುರು ಕೂತು ಉಣ್ಣುವುದಿಲ್ಲ.

ಇಷ್ಟು ವರ್ಷಗಳಾದ ಮೇಲೆ, ಹೋದ ಮಳೆಗಾಲ ಮುಗಿದಾಗ ಹರಿಪುರಕ್ಕೆ ಹೋದೆ. ಅದೇ ಮನೆ, ಹೊಳೆಯ ನೀರು ಏರಿದ ಗುರುತು ಕಿಟಕಿಯ ತನಕ. ಕೂಸಿನ ತಾಯಿ ನೀರು ಕೊಟ್ಟಳು. "ತಪ್ಪಾತವ್ವಾ" ಎಂದು ಕೈ ಮುಗಿದೆ.

"ನನ್ನ ಮುಂದ್ಯಾಕ್ರಿ? ನಂದೇನ, ದುಡದ ಸಾಕೇನಿ, ಆತು. ಹಕ್ಕ ಇದ್ದದ್ದು ಆಕೀದು. ಸಾಲಿಯಿಂದ ಬರೂ ಹೊತ್ತಾತು, ಕುಂದ್ರಿ. ಆಕೀಗೇ ಹೇಳ್ರಿ."

ಅವಳ ಮಗಳು ಬಂದಳು. ಹಣೆ ಥೇಟು ನನ್ನ ಹೆಂಡತಿಯದೇ. ಚಪ್ಪಲಿ ಬಿಡುತ್ತ ಮರಾಠಿಯಲ್ಲಿ, "ಆಯೀ, ಹೇ ಕೋಣ?" ಎಂದು ಕೇಳಿದಳು. ಯಾರಿವರು? ತಾಯಿ ನನ್ನ ಕಡೆ ನೋಡಿದಳು.

"ನಿಮ್ಮವ್ವನ ಗುರುತಿನಾಂವ, ಮಿರಜದ ಆಸ್ಪತ್ರ್ಯಾಗ ಇದ್ದೆ" ಎಂದೆ.

"ಬಸಾ ಕಾಕಾ, ಚಹಾ ಠೇವತೆ", ಕೂತುಕೊಳ್ಳಿ, ಚಹಾ ಇಡುತ್ತೇನೆ, ಎಂದು ನಗುತ್ತ ಒಳಗೆ ಹೋದಳು. ತಾಯಿಯೂ ಎದ್ದು ಹೋದಳು. ಮತ್ತೆ ನನ್ನ ಮುಖ ನೋಡಲಿಲ್ಲ. ಆ ಹುಡುಗಿ ಮಾಡಿಕೊಟ್ಟ ಚಹಾ ಕುಡಿದು ಬಂದೆ.

ಕೋರ್ಟಿನಲ್ಲಿ ಹೇಳಿದ ಸುಳ್ಳಿಗೆ ಮಗನ ಸಂಸಾರ ಎಂಬ ನೆವವಾದರೂ ಇತ್ತು. ಹರಿಪುರದಲ್ಲಿ ಆ ಹುಡುಗಿಯ ಎದುರು ನನ್ನ ಬಾಯಿ ಕಟ್ಟಿದ್ದು ಯಾವುದು, ನನಗೇ ತಿಳಿಯದು. ಆ ತಾಯಿಗೆ ಕೈ ಮುಗಿದಿದ್ದೇನೆ, ನನ್ನ ಮಗಳ ಎದುರು ಅತ್ತಿದ್ದೇನೆ. ಕ್ಷಮೆ ಕೇಳದೆ ಉಳಿದವಳು ಆ ಹುಡುಗಿಯೊಬ್ಬಳು, ನನ್ನ ಮೊಮ್ಮಗಳು.