ಗೋಲಿನ ಹಿಂದೆ ಒಂದು ಜಾಗ

ರೆಗ್ ಟ್ರಾಂಟರ್ ಹುಟ್ಟಿದ್ದು ಇಂಗ್ಲೆಂಡಿನ ಬ್ರಾಕ್ಸ್‌ಲಿ ಊರಿನ ಫುಟ್‌ಬಾಲ್ ಮೈದಾನದ ಗೋಡೆಗೆ ಅಂಟಿಕೊಂಡ ಮನೆಯಲ್ಲಿ. ಶನಿವಾರ ಮಧ್ಯಾಹ್ನ ಆಚೆ ಗೋಲಾದರೆ ಈಚೆ ಅಡುಗೆಮನೆಯ ಕಪ್ಪುಗಳು ಗಲಗಲ ಎನ್ನುತ್ತಿದ್ದವು. ಸರಪಳಿ ಕಾರ್ಖಾನೆಯಲ್ಲಿ ಕಬ್ಬಿಣ ಬಡಿದು ಕಿವಿ ಅರ್ಧ ಹೋಗಿದ್ದ ಅಪ್ಪ ಆ ಗಲಗಲ ನೋಡಿಯೇ ಎದ್ದು ಕುಣಿಯುತ್ತಿದ್ದ.

ಇಪ್ಪತ್ತೆರಡನೆಯ ವಯಸ್ಸಿಗೆ ರೆಗ್ ಊರು ಬಿಟ್ಟು ಲಂಡನ್ನಿನಲ್ಲಿ ಅಂಗಡಿ ಇಟ್ಟ. ಕಿಟಕಿಯ ಗಾಜಿಗೆ ಹಸಿರು ಬಣ್ಣ ಬಳಿದು, ಬತ್ತಲೆ ಹೆಂಗಸರ ಚಿತ್ರಗಳ ಪತ್ರಿಕೆಗಳನ್ನು ಕಾಗದದಲ್ಲಿ ಸುತ್ತಿ ಮಾರಿದ. ಆಮೇಲೆ ತಾನೇ ಅಚ್ಚು ಹಾಕಿಸಿದ. ಏಳು ಪತ್ರಿಕೆ, ನಲವತ್ತು ಅಂಗಡಿ, ಎರಡು ಸಲ ಕೋರ್ಟು, ಒಂದು ಸಲ ಮೂರು ತಿಂಗಳ ಜೈಲು. ಹೊರಬಂದ ದಿನ ವರದಿಗಾರರಿಗೆ, "ಒಳಗೆ ನನ್ನ ಓದುಗರು ಬಹಳ ಜನ ಸಿಕ್ಕಿದ್ರು" ಎಂದ. ಊರಿನಲ್ಲಿ ಅವನ ತಾಯಿ ಬೀದಿ ಕಡೆಯ ಪರದೆ ಎಳೆದವಳು ಮತ್ತೆ ತೆರೆಯಲಿಲ್ಲ. ಒಮ್ಮೆ ಸಭೆಯೊಂದರಲ್ಲಿ ಶಾಲೆಯ ಟೀಚರೊಬ್ಬಳು ಎದ್ದು, "ನಿಮ್ಮ ಮಗಳ ಚಿತ್ರ ಹಾಕ್ತೀರಾ?" ಎಂದು ಕೇಳಿದಳು. ಯಾವ ವಕೀಲನಿಗೂ ಬಗ್ಗದ ರೆಗ್ ಅವತ್ತು ನೀರು ಕುಡಿದು ಕುಳಿತುಬಿಟ್ಟ.

ಐವತ್ತನೆಯ ವಯಸ್ಸಿಗೆ, ಬೀಗ ಬೀಳಲಿದ್ದ ಬ್ರಾಕ್ಸ್‌ಲಿ ಟೌನ್ ಕ್ಲಬ್ಬನ್ನು ಕೊಂಡ. ಯಾಕೆಂದು ಕೇಳಿದವರಿಗೆಲ್ಲ ತಮಾಷೆಯ ಉತ್ತರ ಕೊಟ್ಟ. ನಿಜವಾದ ಉತ್ತರ ಒಂದೇ: ಆ ಮೈದಾನದ ಜನ ತನ್ನನ್ನು ನಮ್ಮವನು ಎನ್ನಬೇಕು.

ಜನ ಅನ್ನಲಿಲ್ಲ. ಮೊದಲ ಪಂದ್ಯಕ್ಕೆ ಅವನು ಮಾಲೀಕರ ಸಾಲಿನಲ್ಲಿ ಕೂರುತ್ತಲೇ ಉತ್ತರದ ಗೋಲಿನ ಹಿಂದೆ ನಿಂತ ಸಾವಿರ ಜನ ಒಟ್ಟಿಗೆ ಕೈಯಿಂದ ಕಣ್ಣು ಮುಚ್ಚಿಕೊಂಡರು.

"ಲೇ ರೆಗ್, ಆಟಗಾರರಿಗೆ ಚಡ್ಡಿನಾದ್ರೂ ಕೊಡ್ತೀಯೇನೋ?"

ರೆಗ್ ನಕ್ಕು ಕೈಬೀಸಿದ.

ಅವರ ಮನಸ್ಸು ಗೆಲ್ಲಬೇಕೆಂದು ಬೇಸಿಗೆಯಲ್ಲಿ ಮೈದಾನಕ್ಕೆ ಹೊಸ ಹುಲ್ಲು ಹಾಸಲು ಹೇಳಿದ. ಲಂಡನ್ನಿನಿಂದಲೇ ಫೋನು ಮಾಡಿ, "ಗೋಡೆಯಿಂದ ಗೋಡೆಗೆ ಎಲ್ಲಾ ಅಗೆದು ಹಾಕಿ. ಗೋಲಿನ ಹಿಂದಿನ ಆ ಬೋಳು ಜಾಗ ಮೊದಲು" ಎಂದ. ತಾನೇ ನೋಡಲು ಬಂದ ದಿನ ಗೇಟಿನಲ್ಲಿ ಡೋರಾ ಬಿಸೆಲ್ ನಿಂತಿದ್ದಳು. ಮೂವತ್ತು ವರ್ಷದಿಂದ ಮೈದಾನದ ಚಹಾದ ಗೂಡು ನಡೆಸುವ ಹೆಂಗಸು. ಮುಖದಲ್ಲಿ ಕೋಪಕ್ಕಿಂತ ಅತ್ತ ಗುರುತೇ ಹೆಚ್ಚು.

"ನನ್ನ ವಿಲ್ಫ್ ಎಲ್ಲಿ ರೆಗ್?"

"ವಿಲ್ಫ್ ಯಾರು, ಮಿಸೆಸ್ ಬಿಸೆಲ್?"

"ನನ್ನ ಗಂಡ ಕಣಪ್ಪ. ಆ ಬೋಳು ಜಾಗ ಯಾಕೆ ಬೋಳು ಅಂದ್ಕೊಂಡಿದ್ದೆ? ಈ ಊರಲ್ಲಿ ಸತ್ತೋರ ಬೂದಿ ಅಲ್ಲೇ ಹಾಕೋದು. ಹದಿನೈದು ವರ್ಷದಿಂದ. ಹುಲ್ಲು ಬೆಳೆಯಲ್ಲ, ಯಾರೂ ಬೇಜಾರು ಮಾಡ್ಕೊಂಡಿಲ್ಲ."

ರೆಗ್ ಊರು ಬಿಟ್ಟ ಮೇಲೆ ಹುಟ್ಟಿದ ಪದ್ಧತಿ ಅದು.

ಡೋರಾ ದನಿ ಇಳಿಸಿದಳು. "ಅಗೆದ ಮಣ್ಣನ್ನೆಲ್ಲ ಲಾರೀಲಿ ಹೊತ್ಕೊಂಡು ಹೋದ್ರು. ನಿಮ್ಮಪ್ಪನೂ ಅದರಲ್ಲೇ ಹೋದ."

"ಅಪ್ಪ ಇರೋದು ಚರ್ಚಿನ ಹತ್ರ. ಅಮ್ಮ ಹೇಳಿದ್ಲು."

"ಅವನು ಸತ್ತಾಗ ನೀನು ಜೈಲಲ್ಲಿದ್ದೆ. ಅವಳು ನಿನಗೆ ನಿಜ ಎಲ್ಲಿ ಹೇಳ್ತಾಳೆ? ಬೂದಿ ಹಾಕುವಾಗ ನಾನೇ ಪಕ್ಕದಲ್ಲಿ ನಿಂತಿದ್ದೆ. ಗೋಲ್‌ಕೀಪರ್ ಬಲಗಡೆ."

ಮಣ್ಣನ್ನು ಕಾಲುವೆಯಾಚೆ ಇಟ್ಟಿಗೆ ಗೂಡಿನ ಹಳೆಯ ಗುಂಡಿಗೆ ಸುರಿದಿದ್ದರು. ರೆಗ್ ಬಿಳಿ ಬೂಟಿನಲ್ಲೇ ಗುಂಡಿಗೆ ಇಳಿದ. ಲಾರಿಯವನು ಗುಡ್ಡೆಗಳನ್ನು ತೋರಿಸಿ, "ಯಾವುದು ಗೋಲಿಂದು, ಯಾವುದು ನಡುವಿಂದು, ಯಾರಿಗೆ ಗೊತ್ತು ಸಾರ್" ಎಂದ.

"ಹಾಗಿದ್ರೆ ಎಲ್ಲಾ ತುಂಬು."

ಹನ್ನೊಂದು ಲಾರಿ ಮಣ್ಣು ವಾಪಸ್ಸು ಬಂತು. ಮೊದಲ ಲಾರಿಯ ಮುಂದಿನ ಸೀಟಿನಲ್ಲಿ, ಮೊಣಕಾಲತನಕ ಕೆಸರಾಗಿ, ರೆಗ್ ಕುಳಿತಿದ್ದ. ಸುದ್ದಿ ಹೇಗೆ ಹರಡಿತೋ, ಗೇಟಿನ ಬಳಿ ಜನ ಗುದ್ದಲಿ ಹಿಡಿದು ಕಾಯುತ್ತಿದ್ದರು. ರೆಗ್ ಇಳಿದು ತಾನೂ ಒಂದು ಗುದ್ದಲಿ ಎತ್ತಿಕೊಂಡ, ಒಬ್ಬರೂ ಅದನ್ನು ಕಸಿದುಕೊಳ್ಳಲಿಲ್ಲ. ಸಂಜೆಯ ಹೊತ್ತಿಗೆ ಉತ್ತರದ ಗೋಲಿನ ಹಿಂದಿನ ನೆಲ ಮೊದಲಿಗಿಂತ ಒಂದಡಿ ಎತ್ತರವಾಗಿತ್ತು.

"ಇದರಲ್ಲಿ ನನ್ನ ವಿಲ್ಫ್ ಯಾವುದು?" ಎಂದಳು ಡೋರಾ.

"ಗೊತ್ತಿಲ್ಲ ಮಿಸೆಸ್ ಬಿಸೆಲ್. ನಮ್ಮಪ್ಪ ಯಾವುದು ಅಂತಲೂ ಗೊತ್ತಿಲ್ಲ. ಇಬ್ಬರೂ ಇಲ್ಲೇ ಇದಾರೆ."

ಅವಳು ಬಗ್ಗಿ ಮಣ್ಣನ್ನು ಅಂಗೈಯಿಂದ ತಟ್ಟಿದಳು. "ವಿಲ್ಫ್‌ಗೆ ನಡುಮೈದಾನದ ಆಟವೇ ಇಷ್ಟ. ಈಗ ಗೋಲಿನ ಮಣ್ಣು, ನಡುವಿನ ಮಣ್ಣು ಎರಡೂ ಸಿಕ್ತು ಬಿಡು."

ಆಗಸ್ಟಿನ ಮೊದಲ ಪಂದ್ಯಕ್ಕೆ ಹೊಸ ಹುಲ್ಲು ಕಣ್ಣು ಕುಕ್ಕುವಷ್ಟು ಹಸಿರಾಗಿತ್ತು, ಗೋಲಿನ ಹಿಂದೆ ಮಾತ್ರ ಬರಿ ಮಣ್ಣು. ಮಾಲೀಕರ ಸಾಲಿಗೆ ಹತ್ತಲು ಹೊರಟ ರೆಗ್‌ನನ್ನು ಉತ್ತರದ ಕಡೆಯ ದನಿಯೊಂದು ತಡೆಯಿತು.

"ಏ ಕೊಳಕು ಪುಸ್ತಕದೋನೇ! ಅಲ್ಲೇನು ಮಾಡ್ತೀಯಾ ಆ ಟೈ ಕಟ್ಟಿದೋರ ಜೊತೆ? ಇಲ್ಲಿ ಬಾರೋ!"

ಅವನು ಟೈ ಬಿಚ್ಚಿ ಜೇಬಿಗೆ ತುರುಕಿ ಇಳಿದು ಹೋದ. ಜನ ಸರಿದು ದಾರಿ ಬಿಟ್ಟರು, ಆಮೇಲೆ ದಾರಿ ಮುಚ್ಚಿಕೊಂಡರು. ಎಡಗಡೆಯವನ ಮೊಣಕೈ ಪಕ್ಕೆಗೆ ತಿವಿಯಿತು, ಬಲಗಡೆಯವನ ಮಾಂಸದ ಕಡುಬಿನ ಬಿಸಿ ಸಾರು ತೋಳಿನ ಮೇಲೆ ಸುರಿಯಿತು. ಯಾರೂ ಕ್ಷಮೆ ಕೇಳಲಿಲ್ಲ. ಅಷ್ಟು ಸುಖ ಅವನಿಗೆ ಯಾವ ಲಾಭವೂ ಕೊಟ್ಟಿರಲಿಲ್ಲ.

ಬ್ರಾಕ್ಸ್‌ಲಿ ಮೂರು ಗೋಲು ಹೊಡೆಯಿತು. ಮೂರನೆಯದಕ್ಕೆ ಗುರುತು ಪರಿಚಯವಿಲ್ಲದ ಮುದುಕನೊಬ್ಬ ರೆಗ್‌ನ ಕೆನ್ನೆಗೆ ಮುತ್ತಿಟ್ಟ.

ಆಟ ಮುಗಿದ ಮೇಲೆ ಚಹಾದ ಗೂಡಿನ ಕಟ್ಟೆಗೆ ಒರಗಿ ರೆಗ್ ಕೇಳಿದ: "ಮಿಸೆಸ್ ಬಿಸೆಲ್, ನಾನು ಹೋದ ಮೇಲೆ ಅಲ್ಲಿ ನನಗೂ ಒಂದು ಹಿಡಿ ಜಾಗ ಸಿಗುತ್ತಾ?"

ಡೋರಾ ಕಪ್ಪು ಒರೆಸುತ್ತಲೇ ಉತ್ತರಿಸಿದಳು: "ನಿಮ್ಮಪ್ಪನ ಪಕ್ಕ ಭರ್ತಿ. ಮೈದಾನದ ಮೂಲೆಯ ಬಾವುಟದ ಹತ್ರ ಒಂದಿದೆ, ಗಾಳಿ ಜಾಸ್ತಿ. ಹೆಸರು ಹೇಳಿಟ್ಟಿರ್ತೀನಿ. ಅವಸರ ಮಾತ್ರ ಮಾಡಬೇಡ, ಮೊದಲು ತಂಡವನ್ನ ಮೇಲಿನ ದರ್ಜೆಗೆ ಏರಿಸು."