ಭಂತೇಜಿಗಳ ಮನೆಯ ನಕಾಶೆ

ಅವತ್ತು ವರ್ಷದ ಖಾರಕ್ಕೆಂದು ತಂದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದೆ. ಕೈ ಉರಿಯುತ್ತಿತ್ತು, ಫೋನ್ ಮುಟ್ಟುವ ಹಾಗಿರಲಿಲ್ಲ. ನಮ್ಮ ಮನೆಯವರೇ ಅದನ್ನು ಸ್ಪೀಕರಿಗೆ ಹಾಕಿ ನನ್ನ ಮುಖದ ಮುಂದೆ ಹಿಡಿದರು. ಆ ಕಡೆ ನನ್ನ ಮೈದುನ.

"ಅತ್ತಿಗಿ, ನಕಾಶಿ ತಯಾರಾತು. ಗುರುವಾರ ಮಾನ್ವಿಗೆ ಬಂದು ಸಹಿ ಹಾಕಿಬಿಡ್ರಿ."

"ನಕಾಶಿ ನಾ ಇನ್ನಾ ನೋಡೇ ಇಲ್ಲಲ್ಲ?"

"ನೋಡಾಕ ಏನದ ಅದರಾಗ, ಬರೇ ಗೀಟು. ಗೀಟು ನೋಡಿ ನೀವೇನ್ ಮಾಡ್ತೀರಿ?"

ನನಗೆ ಗುಮಾನಿ ಹುಟ್ಟಿದ್ದು ಆ ಮಾತಿನಿಂದಲೇ. ಕೊಡುವವಳಿಗೆ ತೋರಿಸದ ಗೀಟು ಎಂಥದ್ದು?

ಮಾನ್ವಿ ತಾಲೂಕಿನ ಕುರ್ಡಿಯ ಹತ್ತಿರ ರಸ್ತೆಗೆ ಹತ್ತಿಕೊಂಡಿರುವ ಆ ಒಂದೆಕರೆ ನನ್ನ ತಾಯಿ ಗಳಿಸಿದ್ದು. ಕಂಡವರ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ, ಕೊನೆಗಾಲಕ್ಕೆ ತನ್ನದೂ ಒಂದು ತುಂಡು ನೆಲ ಇರಲೆಂದು ಕೊಂಡಿದ್ದಳು. ಸಾಯುವ ಮುಂಚೆ ನನ್ನ ಹೆಸರಿಗೆ ಮಾಡಿದಳು. ದೇವದುರ್ಗದ ಒಂದು ವಿಹಾರದ ಮಾಳಿಗೆ ಕೋಣೆಯಲ್ಲಿ ನಾಲ್ವರು ವಯಸ್ಸಾದ ಭಂತೇಜಿಗಳಿದ್ದಾರೆ, ಬೌದ್ಧ ಭಿಕ್ಷುಗಳು. ಕಾವಿಯ ಚೀವರ ಹೊದ್ದವರಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಕಾಲು ಸೋತ ಮೇಲೆ ಅವರನ್ನು ನೋಡಬೇಕಾದವರು ಉಪಾಸಕರಾದ ನಾವೇ. ಅವರಿಗೊಂದು ಮನೆಯಾಗಲಿ ಎಂದು ಆ ಎಕರೆಯನ್ನು ದಾನ ಕೊಡುತ್ತೇನೆಂದು ಬಾಯಿಬಿಟ್ಟವಳು ನಾನೇ. ಮೈದುನ ಆ ಮನೆ ಕಟ್ಟಿಸುವ ಕಮಿಟಿಯ ಕಾರ್ಯದರ್ಶಿ. ಸಹಿಯೊಂದು ಬಾಕಿ. ಸಹಿಯಾದ ಮೇಲೆ ಅದು ಭಂತೇಜಿಗಳ ಮನೆಯಾಗದೆ ಇನ್ನೇನೋ ಆಗಿಬಿಟ್ಟರೆ ತಾಯಿಗೆ ನಾನು ಏನು ಹೇಳಲಿ?

ಇನ್ನೊಂದು ಗುಮಾನಿಯೂ ಇತ್ತು. ಆ ನಾಲ್ವರಲ್ಲಿ ಹಿರಿಯ ಭಂತೇಜಿ ನಮ್ಮ ಕಡೆಯವರೇ, ಅರಕೇರಾದವರು. ಕೂಲಿನಾಲಿ ಮಾಡಿ ಬದುಕಿದವರು, ಹೆಂಡತಿ ತೀರಿಕೊಂಡ ಮೇಲೆ ದೀಕ್ಷೆ ತೆಗೆದುಕೊಂಡವರು. ಎಷ್ಟೋ ವರ್ಷಗಳಿಂದ ಪ್ರತಿ ಹುಣ್ಣಿಮೆಗೆ ರಾಯಚೂರಿನ ನಮ್ಮ ಮನೆಗೆ ಊಟದಾನಕ್ಕೆ ಬರುತ್ತಿದ್ದರು. ಈಗ ನಾಲ್ಕು ಹುಣ್ಣಿಮೆಯಿಂದ ಬಂದಿರಲಿಲ್ಲ. ಕೇಳಿದರೆ "ಧ್ಯಾನದಾಗ ಅದಾರ" ಎಂದು ಮೈದುನನ ಉತ್ತರ. ನನ್ನ ಜೊತೆ ಮಾತಾಡದ ಹಾಗೆ ಕಮಿಟಿಯವರೇ ತಡೆಯುತ್ತಿರಬೇಕು ಅನ್ನಿಸಿತು.

ಮರುದಿನವೇ ನಮ್ಮ ಮನೆಯವರನ್ನು ಎಬ್ಬಿಸಿಕೊಂಡು ಕುರ್ಡಿಯ ಬಸ್ಸು ಹತ್ತಿದೆ. ನಸುಕಿನಲ್ಲಿ ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿ ಅವತ್ತು ಸಿಗುವ ಒಳ್ಳೆಯದನ್ನು ಎಣಿಸಲು ಶುರು ಮಾಡುವುದು ನನ್ನ ರೂಢಿ. ನಳದ ನೀರು ಬಂತು. ಮೊಣಕಾಲು ತಂಟೆ ಮಾಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮೂರಾಯಿತಲ್ಲ, ಇಷ್ಟು ಸಾಕು ಎಂದುಕೊಂಡೆ.

ಹೊಲದಲ್ಲಿ ಗೌಂಡಿಯೊಬ್ಬ ಸುಣ್ಣದ ಪುಡಿಯಿಂದ ನೆಲದ ಮೇಲೆ ಗೋಡೆಗಳ ಗುರುತು ಹಾಕುತ್ತಿದ್ದ. ಪಕ್ಕದಲ್ಲಿ ಮೈದುನನ ಜೊತೆ ಇಂಜಿನಿಯರ್ ನಿಂತಿದ್ದಳು, ರಾಯಚೂರಿನ ಹೆಣ್ಣುಮಗಳು. ನಮ್ಮನ್ನು ನೋಡಿ ಮೈದುನನ ಮುಖ ಸಣ್ಣಗಾಯಿತು. ನಾನು ಸುಣ್ಣದ ಗೆರೆಯ ಒಳಗೆ ಕೋಣೆಯಿಂದ ಕೋಣೆಗೆ ನಡೆದೆ.

"ಹೊಸ್ತಿಲ ಎಲ್ಲಿ ಬರ್ತಾವವ್ವಾ?"

"ಹೊಸ್ತಿಲ ಇಲ್ಲರಿ ಅಮ್ಮಾ. ವಯಸ್ಸಾದವ್ರು ಎಡವಿ ಬೀಳ್ತಾರ."

"ಬಚ್ಚಲ ಬಾಗ್ಲ ಹೊರಗ ತಕ್ಕೊಳ್ಳೂವಂಗ ಗೀಟು ಹಾಕೀರಿ, ಯಾಕ?"

"ಒಳಗ ಬಿದ್ದ್ರ, ಬಿದ್ದವ್ರ ಮೈಯೇ ಬಾಗ್ಲಿಗೆ ಅಡ್ಡ ಆಗ್ತದರಿ. ಒಳಗ ದೂಡಾಕ ಬರಂಗಿಲ್ಲ."

ಎಲ್ಲದಕ್ಕೂ ಉತ್ತರ ಸಿದ್ಧವಿತ್ತು. ಉತ್ತರ ಸಿದ್ಧವಾಗಿಟ್ಟುಕೊಂಡು ಬಂದವರನ್ನು ನಾನು ಬೇಗ ನಂಬುವವಳಲ್ಲ. ಜನ ಸೇರುವ ಹಾಲಿಗೆ ಬಂದೆ. ಎಷ್ಟು ದೊಡ್ಡದೆಂದರೆ ನಾಲ್ಕು ಕೋಣೆ ಸೇರಿದರೂ ಅದರ ಅರ್ಧವಾಗದು. ಆದರೆ ಅಷ್ಟು ದೊಡ್ಡ ಹಾಲಿನಲ್ಲಿ ಭಂತೇಜಿಗಳು ಕೂಡುವ ಎತ್ತರದ ಕಟ್ಟೆಯೇ ಇರಲಿಲ್ಲ.

"ಪೀಠ ಎಲ್ಲಿ?" ಎಂದೆ.

ಈ ಸಲ ಇಂಜಿನಿಯರ್ ಮೈದುನನ ಕಡೆ ನೋಡಿದಳು. ಅವನು ಕೆಮ್ಮಿದ.

"ಪೀಠ ಬ್ಯಾಡ ಅಂತ ಭಂತೇಜಿನೇ ಅಂದಾರ ಅತ್ತಿಗಿ."

"ಭಂತೇಜಿ ಹೆಸರ ಮುಂದ ಮಾಡಬ್ಯಾಡ ನೀ."

ನನ್ನ ಸಿಟ್ಟಿಗೆ ಕಾರಣವಿತ್ತು. ನನ್ನ ತಾಯಿ ತನ್ನೂರು ಮಸರಕಲ್ಲಿನ ಮೇಲ್ಜಾತಿಯ ದೊಡ್ಡವರ ಮನೆಗಳಲ್ಲಿ ಅಂಗಳ ದಾಟಿದವಳಲ್ಲ, ಕಟ್ಟೆಯ ಮೇಲೆ ಕೂತವಳಲ್ಲ. ನಾವು ಧಮ್ಮಕ್ಕೆ ಬಂದ ಮೇಲೆ ನಮ್ಮವರೊಬ್ಬರನ್ನು ಎತ್ತರದಲ್ಲಿ ಕೂರಿಸಿ, ನಾವು ನಮ್ಮ ಮನಸ್ಸಿನಿಂದ ಕೆಳಗೆ ಕೂಡುವುದನ್ನು ಕಲಿತೆವು. ಅದನ್ನು ನೋಡಿ ಅವಳು ಅತ್ತಿದ್ದಳು. ಈಗ ಅವಳ ನೆಲದಲ್ಲೇ ಭಂತೇಜಿಗಳನ್ನು ಸಪಾಟು ನೆಲಕ್ಕೆ ಇಳಿಸುತ್ತಾರಂತೆ! ಪೀಠವಿಲ್ಲದ ದೊಡ್ಡ ಹಾಲು ಎಂದರೆ ಲಗ್ನದ ಹಾಲು. ನನಗೇನು ತಿಳಿಯುವುದಿಲ್ಲವೇ?

ಹೇಳಿಕಳಿಸದೆ ಮರುದಿನ ದೇವದುರ್ಗಕ್ಕೆ ಹೋದೆವು. ಮಧ್ಯಾಹ್ನ ದಾಟಿದರೆ ಭಂತೇಜಿಗಳು ಉಣ್ಣುವುದಿಲ್ಲ, ಅದಕ್ಕೇ ಬೆಳಿಗ್ಗೆಯೇ ನುಚ್ಚು, ಪುಂಡಿಪಲ್ಯ, ಬೇಳೆ ಮಾಡಿ ಕ್ಯಾರಿಯರಿನಲ್ಲಿ ಕಟ್ಟಿಕೊಂಡಿದ್ದೆ. ವಿಹಾರದ ಅಂಗಳಕ್ಕೆ ಕಾಲಿಟ್ಟಾಗ ಹಿರಿಯ ಭಂತೇಜಿ ಮಾಳಿಗೆಯಿಂದ ಇಳಿಯುತ್ತಿದ್ದರು. ನಡೆದುಕೊಂಡಲ್ಲ. ಚೀವರವನ್ನು ತೊಡೆಯ ನಡುವೆ ಒತ್ತಿಕೊಂಡು, ಮೆಟ್ಟಿಲ ಮೇಲೆ ಕೂತು, ಎರಡೂ ಕೈ ಊರಿ, ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಮೈ ಸರಿಸುತ್ತಿದ್ದರು. ಸಣ್ಣ ಕೂಸು ಇಳಿದ ಹಾಗೆ. ನನ್ನನ್ನು ಕಂಡು ನಿಂತರು, ಅಂದರೆ ಕೂತಲ್ಲೇ ಕೂತರು.

"ಬಂದೇನವ್ವಾ? ನೋಡು, ಜಾರಬಂಡಿ ಆಡಾಕತ್ತೀನಿ" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಊಟ ಬಡಿಸಿ, ಅವರು ಉಂಡು ಕೈ ತೊಳೆಯುವವರೆಗೆ ಬಾಯಿ ಕಟ್ಟಿಕೊಂಡಿದ್ದೆ. ಆಮೇಲೆ ನಮ್ಮ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೇಳಿದೆ.

"ಭಂತೇಜಿ, ಹಾಲಿನ್ಯಾಗ ಪೀಠ ಬ್ಯಾಡ ಅಂದಿದ್ದು ನೀವನ ಏನ್ರಿ? ಖರೇ ಹೇಳ್ರಿ."

"ನಾನ ಅಂದೀನಿ. ಆ ಇಂಜಿನಿಯರವ್ವ ನನ್ನ ಎಬ್ಬಿಸಿ, ಕುಂದ್ರಿಸಿ, ಮತ್ತ ಎಬ್ಬಿಸಿ, ಗೌಂಡಿ ಕಡೆ ಟೇಪ್ ಹಿಡಿಸಿ ಮೊಣಕಾಲು ಅಳದಾಳ. ಗಟ್ಟಿ ಹೆಣಮಗಳು."

"ನಮ್ಮ ಮನಿಗೆ ಬರೂದು ಯಾಕ ಬಿಟ್ರಿ ಮತ್ತ? ಯಾರರ ಏನರ ಅಂದ್ರೇನು?"

ನಮ್ಮ ಮನೆಯವರು ನೆಲ ನೋಡತೊಡಗಿದರು. ಇವರಿಗೂ ಗೊತ್ತಿದೆ, ಗೊತ್ತಿಲ್ಲದವಳು ನಾನೊಬ್ಬಳೇ ಎಂದು ಆಗ ತಿಳಿಯಿತು.

"ಯವ್ವಾ, ಕಡೀ ಸಲ ನಾ ಬಂದಾಗ ನೀ ಮಂಚದ ಮ್ಯಾಲ ಎರಡ ಗಾದಿ ಏರಿಸಿ ಬಿಳಿ ಚಾದರ ಹಾಸಿದ್ದಿ. ಹತ್ತೂದೇನೋ ಹತ್ತಿದೆ. ಇಳಿಯಾಗ ನೀ ಅಡಿಗಿ ಮನ್ಯಾಗಿದ್ದಿ. ನಿನ್ನ ಗಂಡ ಹಿಡೀಲಿಲ್ಲಂದ್ರ ಅವತ್ತ ನನ್ನ ಸೊಂಟ ಮುರೀತಿತ್ತು."

"ಅವತ್ತ ಹೇಳಬಾರದೇನ್ರಿ!"

"ಹೆಂಗ ಹೇಳ್ಲಿ? ಹಾಸಿದ ಮ್ಯಾಲ ದೂರ ನಿಂತು ನೋಡಿ ಎಷ್ಟು ಹಿಗ್ಗಿದ್ದಿ ನೀ."

ಒಂದು ಗಾದಿ ಸಾಲದೆಂದು, ಭಂತೇಜಿಗೆ ವಯಸ್ಸಾದಷ್ಟೂ ಗೌರವ ಹೆಚ್ಚಬೇಕೆಂದು ಆ ಎರಡನೆಯದನ್ನು ಏರಿಸಿದವಳು ನಾನು. ಅದರ ಪುಣ್ಯವನ್ನೂ ಎಣಿಸಿಕೊಂಡಿದ್ದೆ. ಮುಖ ಎಲ್ಲಿಡಲೆಂದು ತಿಳಿಯಲಿಲ್ಲ.

"ಎತ್ತರ ಅಂದ್ರ ಏನದ? ನಾ ಕೈಯಿರೂ ಕುರ್ಚಿ ಮ್ಯಾಲ ಕುಂದ್ರತೀನಿ, ನೀವು ಚಾಪಿ ಮ್ಯಾಲ ಕುಂದರ್ರಿ. ಮುಗೀತು" ಎಂದರು.

ಮೂರು ಸಲ ನಮಸ್ಕರಿಸಿದೆ. ಆದರೆ ಏಳುವ ಮುಂಚೆ ಇನ್ನೊಂದು ಮಾತು ಕೇಳದೆ ಇರಲಾಗಲಿಲ್ಲ. "ಅಷ್ಟು ದೊಡ್ಡ ಹಾಲೂ ನೀವ ಕೇಳಿದ್ರೇನ್ರಿ?"

ಭಂತೇಜಿ ನಗಲಿಲ್ಲ. "ಅದು ನನಗ ಗೊತ್ತಿಲ್ಲ ಯವ್ವಾ. ನಾನು ಕೇಳಿದ್ದು ಬಿಸಿಲು ಬೀಳೂ ಒಂದು ಕೋಣಿ."

ಅವತ್ತು ಸಂಜೆ ಮೈದುನ ಮನೆಗೇ ಬಂದ. ಪೀಠದ ವಿಷಯದಲ್ಲಿ ತಪ್ಪು ನನ್ನದೇ ಎಂದು ಮೊದಲು ಒಪ್ಪಿಕೊಂಡೆ. ಅವನು ಹಿಗ್ಗಿ ಚಹಾ ಕುಡಿದ. ಅದಾದ ಮೇಲೆ ಹೇಳಿದೆ, "ದಾನಪತ್ರದಾಗ ಒಂದ್ ಸಾಲು ಬರಸು. ಈ ಜಾಗದಾಗ ಲಗ್ನ ಇಲ್ಲ, ಬಾಡಿಗಿ ಇಲ್ಲ. ಹಂಗೇನರ ಆದ್ರ ಹೊಲ ತಿರುಗಿ ನನ್ನ ಹೆಸರಿಗೆ."

"ಅತ್ತಿಗಿ, ಮನಿ ನಡಸಾಕ ಕಮಿಟಿಗೆ ನಾಕು ರೊಕ್ಕ ಬ್ಯಾಡೇನ್ರಿ? ವರ್ಷಕ್ಕ ಹತ್ತ್ ಲಗ್ನ ಆದ್ರ ಏನ್ ಗಂಟು ಹೋಗ್ತದ?"

ನೋಡಿ, ಬಾಯಿಂದ ಬಂತು.

"ಬ್ಯಾಂಡ್ ಬಾರಿಸಾಗ ಆ ಮುದುಕರು ಎಲ್ಲಿ ಮಲಗಬೇಕು? ನಿನ್ನ ಮನ್ಯಾಗೇನು?"

"ನೀವು ಯಾರನ್ನೂ ನಂಬೂದಿಲ್ಲ."

"ನಂಬ್ತೀನಿ. ಬರದ ಮ್ಯಾಲ."

ಸಿಟ್ಟಿನಿಂದ ಎದ್ದು ಹೋದ. ಎರಡು ದಿನ ಫೋನೂ ಇಲ್ಲ. ದಾನಪತ್ರವೇ ಆಗದಿದ್ದರೆ ಭಂತೇಜಿ ಆ ಮೆಟ್ಟಿಲಲ್ಲೇ ಜಾರುತ್ತಿರಬೇಕಾಗುತ್ತದೆ, ಅದಕ್ಕೆ ನಾನೇ ಕಾರಣಳಾಗುತ್ತೇನೆ ಎಂಬ ಭಯವೂ ಹತ್ತಿತು. ಬುಧವಾರ ನಕಾಶೆ ಹಿಡಿದುಕೊಂಡು ಬಂದವಳು ಇಂಜಿನಿಯರ್, ಮೈದುನನೇ ಕಳಿಸಿದ್ದನಂತೆ. ಹಾಲನ್ನು ಅರ್ಧಕ್ಕಿಳಿಸಿ, ಪೂರ್ವಕ್ಕೆ ಇನ್ನೂ ಎರಡು ಕೋಣೆ ಎಳೆದಿದ್ದಳು. "ಇದನ್ನ ನಾ ಮೊದ್ಲೇ ಹೇಳಿದ್ದೆರಿ ಅಮ್ಮಾ, ಕೇಳೋರು ಇರಲಿಲ್ಲ" ಎಂದಳು. ಇರಬಹುದು. ಆದರೂ ಒಂದೊಂದು ಬಾಗಿಲನ್ನೂ ಬೆರಳಿಟ್ಟು ಎಣಿಸಿದೆ.

ಗುರುವಾರ ಮಾನ್ವಿಯ ಕಚೇರಿಯಲ್ಲಿ ಕನ್ನಡಕ ಹಾಕಿಕೊಂಡು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು, ಗೊಣಗಲಿ. ನಾನು ಹೇಳಿದ ಸಾಲು ಅಲ್ಲಿತ್ತು. ಸಹಿ ಹಾಕಿ ಹೆಬ್ಬೆಟ್ಟೂ ಒತ್ತಿದೆ. ಮೈದುನ ಮುಖ ತಿರುಗಿಸಿಕೊಂಡೇ ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳಲು ತನ್ನ ಕರವಸ್ತ್ರ ಕೊಟ್ಟ. ಅದನ್ನೂ ಎಣಿಕೆಗೆ ಸೇರಿಸಿಕೊಂಡೆ.

ಮನೆ ಮುಟ್ಟುವಾಗ ಹೊತ್ತು ಇಳಿದಿತ್ತು. ಸೀರೆ ಬದಲಿಸಿ, ರೊಟ್ಟಿಗೆ ಎಸರಿಟ್ಟೆ.